ಕಾಸು ಮುಂದಿನ ಬಾಗಿಲಲ್ಲಿ, ಹತ್ತುವುದು ಹಿಂದಿನ ಬಾಗಿಲಲ್ಲಿ

ನನ್ನ ಗಂಡನ ಮನೆಯವರು ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿಯವರು. ಕಪ್ಪು ಜನ. ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಆ ಊರಿನ ಬಸ್ಸಿನ ಬಗ್ಗೆ ನನಗೆ ಗೊತ್ತಿದ್ದದ್ದು ಶಾಲೆಯ ಪಾಠದಲ್ಲಿ ಓದಿದಷ್ಟೇ. ರೋಸಾ ಪಾರ್ಕ್ಸ್ ಎಂಬ ಹೆಂಗಸು ಸೀಟು ಬಿಡಲಿಲ್ಲ, ಅವರನ್ನು ಬಂಧಿಸಿದರು, ಮಾರ್ಟಿನ್ ಲೂಥರ್ ಕಿಂಗ್ ಮುಂದೆ ಬಂದರು, ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಕಾನೂನು ಹೋಯಿತು. ನಾಲ್ಕು ಸಾಲು, ಅಷ್ಟೇ. ಅತ್ತೆ ಹೇಳುವಾಗ ಮಾತ್ರ ಸೀಟಿನ ವಿಷಯ ಬಹಳ ತಡವಾಗಿ ಬರುತ್ತದೆ. ಮೊದಲು ಬರುವುದು ಹತ್ತು ಸೆಂಟಿನ ನಾಣ್ಯ.

ಅತ್ತೆಯ ಅಮ್ಮ, ಅಂದರೆ ನನ್ನ ಗಂಡನ ಅಜ್ಜಿ, ಊರಿನ ಆ ತುದಿಯಲ್ಲಿ ಒಂದು ಬಿಳಿಯರ ಮನೆಗೆ ಅಡುಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಹತ್ತುವ ಕ್ರಮ ಹೀಗಿತ್ತು: ಮುಂದಿನ ಬಾಗಿಲಲ್ಲಿ ಹತ್ತಿ ಡ್ರೈವರ್ ಪಕ್ಕದ ಡಬ್ಬಿಗೆ ಹತ್ತು ಸೆಂಟ್ ಹಾಕಬೇಕು. ಆಮೇಲೆ ಕೆಳಗಿಳಿಯಬೇಕು. ಬಸ್ಸಿನ ಪಕ್ಕದಲ್ಲಿ ನಡೆದು ಹೋಗಿ ಹಿಂದಿನ ಬಾಗಿಲಲ್ಲಿ ಮತ್ತೆ ಹತ್ತಬೇಕು. ಬಿಳಿಯರು ಕೂತ ಸಾಲುಗಳ ನಡುವೆ ಕಪ್ಪು ಮೈ ಹಾದುಹೋಗಬಾರದು, ಅದಕ್ಕೆ. ಎಲ್ಲ ಡ್ರೈವರ್‌ಗಳೂ ಹೀಗೆ ಮಾಡಿಸುತ್ತಿರಲಿಲ್ಲ, ಮುಂದೆ ಯಾರೂ ಬಿಳಿಯರು ಇಲ್ಲದಿದ್ದರೆ ಕೆಲವರು ಒಳಗಿನಿಂದಲೇ ಹಿಂದೆ ಹೋಗಲು ಬಿಡುತ್ತಿದ್ದರು, ಇನ್ನು ಕೆಲವರು ಖಾಲಿ ಬಸ್ಸಿನಲ್ಲೂ ಬಿಡುತ್ತಿರಲಿಲ್ಲ. ಹಾಗಾಗಿ ಅಜ್ಜಿ ಬಸ್ಸು ದೂರದಲ್ಲಿ ಕಾಣಿಸಿದ ಕೂಡಲೇ ಮೊದಲು ನೋಡುತ್ತಿದ್ದದ್ದು ಡ್ರೈವರ್ ಮುಖವನ್ನಂತೆ. ಯಾವ ಡ್ರೈವರ್ ಹೇಗೆ ಅಂತ ಆ ಬೀದಿಯ ಹೆಂಗಸರಿಗೆಲ್ಲ ಬಾಯಿಪಾಠ.

ಕಾಸು ಹಾಕಿ ಇಳಿದು ಹಿಂದಿನ ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟುಬಿಡುವುದು ಇತ್ತು. ಮರೆವಿನಿಂದ ಅಲ್ಲ, ಬೇಕಂತಲೇ. ಅಜ್ಜಿಗೂ ಹಾಗೆ ಆಗಿತ್ತು. ಅತ್ತೆ ಆಗ ಚಿಕ್ಕವರು, ಅಮ್ಮನ ಕೈ ಹಿಡಿದುಕೊಂಡಿದ್ದರು. ಬಸ್ಸು ಹೋಯಿತು. ಅಜ್ಜಿ ಕೂಗಲಿಲ್ಲ, ಬೈಯಲಿಲ್ಲ, ಓಡಲಿಲ್ಲ. ಪರ್ಸು ತೆಗೆದು ಉಳಿದಿದ್ದ ಚಿಲ್ಲರೆ ಎಣಿಸಿದರು. ಇನ್ನೊಂದು ಬಸ್ಸಿಗೆ ಕಾಸು ಹಾಕಿದರೆ ಸಂಜೆ ವಾಪಸ್ ಬರಲು ಉಳಿಯುವುದಿಲ್ಲ. ಇಬ್ಬರೂ ನಡೆದೇ ಹೋದರು. ಕೆಲಸಕ್ಕೆ ತಡವಾಯಿತು, ಆ ಮನೆಯ ಯಜಮಾನಿಯಿಂದ ಬೈಗುಳವೂ ಆಯಿತು. ಆ ದಿನ ಅಜ್ಜಿ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರಂತೆ: "ಕಾಸು ತಗೊಂಡ, ಕಾಸು ತಗೊಂಡ." ಅತ್ತೆಗೆ ಈಗ ಎಂಬತ್ತು ದಾಟಿದೆ. ಈ ಮಾತನ್ನು ಹೇಳುವಾಗ ಅವರ ದನಿ ಇವತ್ತಿಗೂ ಗಟ್ಟಿಯಾಗುತ್ತದೆ.

ಇದು ನಮ್ಮ ಮನೆಯೊಂದರ ಕಥೆ ಆಗಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. 1956ರ ಮಾರ್ಚ್‌ನಲ್ಲಿ, ಬಸ್ಸಿಗೆ ಬಹಿಷ್ಕಾರ ಹಾಕಿದ್ದಕ್ಕೆ ಕಿಂಗ್ ಅವರ ಮೇಲೆ ಮಾಂಟ್ಗೊಮರಿಯಲ್ಲಿ ಮೊಕದ್ದಮೆ ನಡೆದಾಗ ಬಸ್ಸಿನಲ್ಲಿ ಏನೇನು ಆಗಿತ್ತು ಅಂತ ಒಬ್ಬೊಬ್ಬರಾಗಿ ಹೆಂಗಸರು ಬಂದು ಸಾಕ್ಷಿ ಹೇಳಿದರು. ಅವರಲ್ಲಿ ಒಬ್ಬರು ಜಾರ್ಜಿಯಾ ಗಿಲ್ಮೋರ್, ಅಡುಗೆಯವರು. ಅವರು ಹೇಳಿದ್ದೂ ಇದೇ: ಕಾಸು ಹಾಕಿದೆ, ಹಿಂದಿನ ಬಾಗಿಲಿಂದ ಬಾ ಅಂದ, ನಾನು ಹಿಂದೆ ತಲುಪುವಷ್ಟರಲ್ಲಿ ಬಸ್ಸು ಬಿಟ್ಟುಕೊಂಡು ಹೋದ. ಈ ಸಾಕ್ಷಿ ಹೇಳಿದ್ದಕ್ಕೆ ಅವರ ಕೆಲಸ ಹೋಯಿತು. ಇನ್ನೊಬ್ಬ ಹೆಂಗಸಿನ ಗಂಡ ಕುರುಡರು, ಇಳಿಯುವಾಗ ಡ್ರೈವರ್ ಬಾಗಿಲು ಹಾಕಿ ಅವರ ಕಾಲು ಸಿಕ್ಕಿಸಿದ್ದ. ಅಜ್ಜಿ ಸಾಕ್ಷಿ ಹೇಳಲಿಲ್ಲ. ಕೋರ್ಟಿನಲ್ಲಿ ಇದನ್ನೆಲ್ಲ ಹೇಳಿದರಂತೆ ಅಂತ ಕೇಳಿದಾಗ ಮಾತ್ರ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟರಂತೆ. ತನಗೆ ಆದದ್ದು ತನ್ನೊಬ್ಬಳಿಗೇ ಆದದ್ದಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ಆದರೆ ನ್ಯಾಯಾಧೀಶರ ಎದುರು ಯಾರಾದರೂ ಅದನ್ನು ಬಾಯಿಬಿಟ್ಟು ಹೇಳುತ್ತಾರೆ ಅಂತ ಅಂದುಕೊಂಡಿರಲಿಲ್ಲ.

ಇನ್ನು ಸೀಟು. ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೆ, ಅವರು ಇರಲಿ ಇಲ್ಲದಿರಲಿ. ಕಪ್ಪು ಜನರ ಬಡಾವಣೆಯಿಂದ ಹೊರಟ ಬಸ್ಸಿನಲ್ಲಿ ಒಬ್ಬ ಬಿಳಿಯನೂ ಇರುತ್ತಿರಲಿಲ್ಲ, ಹಿಂದೆ ಜನ ಒತ್ತೊತ್ತಾಗಿ ನಿಂತಿರುತ್ತಿದ್ದರು, ಕೈಯಲ್ಲಿ ಮಗು, ಬಟ್ಟೆ ಗಂಟು, ಎಲ್ಲ ಹಿಡಿದುಕೊಂಡು, ಆದರೂ ಆ ಹತ್ತು ಸೀಟು ಖಾಲಿಯೇ ಹೋಗುತ್ತಿದ್ದವು. ಹಿಂದಿನ 10 ಕಪ್ಪು ಜನರಿಗೆ ಅಂತ ವಾಡಿಕೆ. ನಡುವಿನ 16 ಡ್ರೈವರ್ ಮರ್ಜಿಗೆ ಬಿಟ್ಟಿದ್ದು. ಈ ನಡುವಿನ ಸೀಟುಗಳಲ್ಲೇ ಎಲ್ಲ ತೊಂದರೆ. ಅಲ್ಲಿ ಕೂತಿದ್ದಾಗ ಒಬ್ಬ ಬಿಳಿಯ ಬಂದು ನಿಂತರೆ ಒಬ್ಬರು ಎದ್ದರೆ ಸಾಲದು, ಆ ಸಾಲಿನಲ್ಲಿ ಇರುವ ನಾಲ್ಕೂ ಜನ ಏಳಬೇಕು. ಬಿಳಿಯರ ಜೊತೆ ಒಂದೇ ಸಾಲಿನಲ್ಲಿ ಕಪ್ಪು ಜನ ಕೂರಬಾರದು, ನಡುವೆ ಓಡಾಡುವ ದಾರಿ ಇದ್ದರೂ ಸರಿ. 1955ರ ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಆದದ್ದೂ ಇದೇ. ಒಬ್ಬ ಬಿಳಿಯನಿಗಾಗಿ ನಾಲ್ಕು ಜನರನ್ನು ಏಳಿಸಿದರು. ಮೂವರು ಎದ್ದರು.

ಊರಿನ ಕಾನೂನಿನ ಪುಸ್ತಕದಲ್ಲಿ ಬೇರೆ ಸೀಟು ಖಾಲಿ ಇಲ್ಲದಿದ್ದರೆ ಯಾರನ್ನೂ ಏಳಿಸುವಂತಿಲ್ಲ ಅಂತಲೇ ಇತ್ತು. ಯಾರು ಕೇಳಬೇಕು? ಡ್ರೈವರ್‌ಗಳಿಗೆ ಬಸ್ಸಿನೊಳಗೆ ಪೊಲೀಸ್ ಅಧಿಕಾರ ಕೊಟ್ಟಿದ್ದರು. ಕೆಲವರ ಹತ್ತಿರ ಪಿಸ್ತೂಲು ಇರುತ್ತಿತ್ತು. 1950ರಲ್ಲಿ ಹಿಲಿಯರ್ಡ್ ಬ್ರೂಕ್ಸ್ ಎಂಬ ಮಾಜಿ ಸೈನಿಕರು ಬಸ್ಸಿನಲ್ಲಿ ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆದು, ಪೊಲೀಸರ ಗುಂಡಿಗೆ ಸತ್ತರು. ಆ ಸುದ್ದಿ ಬಂದ ಮೇಲೆ ಅಜ್ಜಿ ಮಗನಿಗೆ ಒಂದು ನಿಯಮ ಮಾಡಿದರು: ಊರೊಳಗೆ ಬಸ್ಸು ಹತ್ತಲೇಬೇಡ, ನಡೆದು ಹೋಗು. ಹೆಂಗಸರು ಬೈಸಿಕೊಂಡು ಮನೆಗೆ ಬರಬಹುದು, ಗಂಡಸರು ಬರದೇ ಇರಬಹುದು, ಅದು ಅಜ್ಜಿಯ ಲೆಕ್ಕ.

ಆ ಮಗ, ಅಂದರೆ ನನ್ನ ಗಂಡನ ಸೋದರಮಾವ, ಕೊರಿಯಾ ಯುದ್ಧಕ್ಕೆ ಹೋಗಿ ಬಂದವರು. 1948ರಲ್ಲಿ ಅಧ್ಯಕ್ಷ ಟ್ರೂಮನ್ ಸೇನೆಯಲ್ಲಿ ಬಣ್ಣಭೇದ ಇರಬಾರದು ಅಂತ ಆದೇಶ ಹೊರಡಿಸಿದ್ದರು. ಹಾಗಾಗಿ ಮಾವ ಸೇನೆಯ ಕ್ಯಾಂಪಿನಲ್ಲಿ ಬಿಳಿಯ ಹುಡುಗರ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದರು, ಒಂದೇ ಮೇಜಿನಲ್ಲಿ ಉಂಡಿದ್ದರು. ವಾಪಸ್ ಬಂದ ಮೇಲೆ ಜಾರ್ಜಿಯಾದ ಫೋರ್ಟ್ ಬೆನಿಂಗ್‌ನಿಂದ ರಜೆಗೆ ಮನೆಗೆ ಬರಬೇಕು. ಸಮವಸ್ತ್ರದಲ್ಲೇ ಕೊಲಂಬಸ್ ಊರಿನಲ್ಲಿ ಬಸ್ಸು ಹತ್ತಿದರು. ಜೊತೆಗೆ ಅದೇ ತುಕಡಿಯ ಒಬ್ಬ ಬಿಳಿಯ ಹುಡುಗ, ಗೆಳೆಯ. ಆ ಹುಡುಗ ಮುಂದೆ ಕೂತ. ಮಾವ ಹಿಂದೆ ಹೋದರು. ನದಿ ದಾಟಿದರೆ ಅಲಬಾಮಾ. ಮಾಂಟ್ಗೊಮರಿ ಬರುವವರೆಗೂ ಆ ಹುಡುಗ ತಿರುಗಿ ನೋಡಲಿಲ್ಲವಂತೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಬಹಳ ಜನಕ್ಕೆ ಇದು ಗೊತ್ತಿಲ್ಲ. ಐರೀನ್ ಮಾರ್ಗನ್ ಎಂಬ ಹೆಂಗಸು 1944ರಲ್ಲೇ ವರ್ಜೀನಿಯಾದಲ್ಲಿ ಬಸ್ಸಿನ ಸೀಟು ಬಿಡಲು ಒಪ್ಪಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1946ರಲ್ಲಿ ತೀರ್ಪು ಬಂತು: ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಬಸ್ಸಿನಲ್ಲಿ ರಾಜ್ಯದ ಕಾನೂನಿನ ಹೆಸರಿನಲ್ಲಿ ಜನರನ್ನು ಬೇರೆ ಬೇರೆ ಕೂರಿಸುವಂತಿಲ್ಲ. ಅಂದರೆ ಮಾವ ಜಾರ್ಜಿಯಾದಿಂದ ಅಲಬಾಮಾಕ್ಕೆ ಬಂದ ಆ ಬಸ್ಸಿನಲ್ಲಿ ಎಲ್ಲಿ ಬೇಕಾದರೂ ಕೂರಬಹುದಿತ್ತು! ಆದರೆ ದಕ್ಷಿಣದ ಕಂಪನಿಗಳು ಇದು ಸರ್ಕಾರದ ಕಾನೂನಲ್ಲ, ನಮ್ಮ ಕಂಪನಿ ನಿಯಮ ಅಂತ ಹೇಳಿ ಹಳೆಯದನ್ನೇ ಮುಂದುವರಿಸಿದವು. ದೇಶದ ಅತಿ ದೊಡ್ಡ ಕೋರ್ಟು ಹೇಳಿದ್ದು ಡ್ರೈವರ್ ಸೀಟಿನವರೆಗೆ ಬಂದು ತಲುಪಲು ಹದಿನೈದು ವರ್ಷ ಹಿಡಿಯಿತು. ಮಾವನಿಗೆ ಆ ತೀರ್ಪು ಗೊತ್ತಿತ್ತು ಅನ್ನುತ್ತಾರೆ ಅತ್ತೆ. ಗೊತ್ತಿದ್ದೂ ಹಿಂದೆ ಹೋಗಿ ಕೂತರು, ಯಾಕೆಂದರೆ ಅಮ್ಮನಿಗೆ ಮಗ ಮನೆಗೆ ಬರಬೇಕಿತ್ತು. ಅವರು ಬದುಕಿದ್ದಾಗ ಈ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಆ ಕಾಲದ ಗಂಡಸರು ಜಾಸ್ತಿ ಹೇಳುವುದಿಲ್ಲ, ನಾನು ನೋಡಿದ್ದು ಹಾಗೆ. ಹೆಂಗಸರು ಹೇಳುತ್ತಾರೆ, ಅದೂ ಕೈಯಲ್ಲಿ ಏನಾದರೂ ಕೆಲಸ ಇದ್ದಾಗ.

ಡೆಟ್ರಾಯ್ಟ್‌ನ ಪ್ರಯಾಣದ ಕಥೆ ಅತ್ತೆ ಹೇಳಿದ್ದು ಬೀನ್ಸ್ ಬಿಡಿಸುತ್ತಾ ಕೂತಿದ್ದಾಗ. ಅವರ ದೊಡ್ಡಮ್ಮ ಡೆಟ್ರಾಯ್ಟ್‌ನಲ್ಲಿದ್ದರು. ಬೇಸಿಗೆ ರಜೆಗೆ ಅತ್ತೆಯನ್ನು ಅಲ್ಲಿಗೆ ಕಳಿಸುತ್ತಿದ್ದರು, ಯಾರಾದರೂ ಗೊತ್ತಿರುವ ಹೆಂಗಸು ಆ ಕಡೆ ಹೊರಟಿದ್ದರೆ ಅವರ ಜೊತೆ ಮಾಡಿ. ಬರ್ಮಿಂಗ್‌ಹ್ಯಾಮ್, ನ್ಯಾಶ್‌ವಿಲ್, ಲೂಯಿವಿಲ್, ಸಿನ್ಸಿನಾಟಿ, ಹೀಗೆ ಉತ್ತರಕ್ಕೆ. ಹೊರಡುವ ಹಿಂದಿನ ರಾತ್ರಿ ಅಜ್ಜಿ ಬುತ್ತಿ ಕಟ್ಟುತ್ತಿದ್ದರು. ಚಪ್ಪಲಿ ಅಂಗಡಿಯ ರಟ್ಟಿನ ಪೆಟ್ಟಿಗೆ, ಒಳಗೆ ಮೇಣದ ಕಾಗದ ಹಾಸಿ, ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಬ್ರೆಡ್ಡು, ಒಂದು ತುಂಡು ಕೇಕು. ಆ ಕಾಲದಲ್ಲಿ ದಕ್ಷಿಣದಿಂದ ಹೊರಟ ಪ್ರತಿ ಕಪ್ಪು ಕುಟುಂಬದ ಕೈಯಲ್ಲೂ ಇಂಥದೊಂದು ಪೆಟ್ಟಿಗೆ ಇರುತ್ತಿತ್ತು. ಬಸ್ಸು ನಿಲ್ಲುವ ಕಡೆಯ ಹೋಟೆಲುಗಳಲ್ಲಿ ಇವರಿಗೆ ಊಟ ಕೊಡುತ್ತಿರಲಿಲ್ಲ, ಕೊಟ್ಟರೂ ಹಿಂಬಾಗಿಲ ಕಿಟಕಿಯಿಂದ, ಅದಕ್ಕೆ. ಮಕ್ಕಳಿಗೆ ಇದು ಗೊತ್ತಾಗಬಾರದು ಅಂತ ಹಬ್ಬದ ತಿಂಡಿ ಕಟ್ಟಿದಂತೆ ಕಟ್ಟುತ್ತಿದ್ದರು. ಅತ್ತೆ ಬಹಳ ದಿನ ಅದನ್ನು ಹಬ್ಬ ಅಂತಲೇ ಅಂದುಕೊಂಡಿದ್ದರು.

ನೀರಿನ ಲೆಕ್ಕ ಬೇರೆ. ಹೊರಡುವ ದಿನ ಮಧ್ಯಾಹ್ನದ ಮೇಲೆ ಅಜ್ಜಿ ನೀರು ಕೊಡುತ್ತಿರಲಿಲ್ಲ. ಗುಟುಕು ಗುಟುಕು ಅಷ್ಟೇ. ಎಷ್ಟೋ ನಿಲ್ದಾಣಗಳಲ್ಲಿ ಕಪ್ಪು ಹೆಂಗಸರಿಗೆ ಶೌಚಾಲಯವೇ ಇರುತ್ತಿರಲಿಲ್ಲ, ಇದ್ದರೆ ಹಿತ್ತಲಲ್ಲಿ, ದೀಪ ಇಲ್ಲದ್ದು, ನೀರು ಇಲ್ಲದ್ದು. ಎಂಟು ವರ್ಷದ ಹುಡುಗಿಗೆ ಅಲಬಾಮಾದ ಜುಲೈ ಸೆಕೆಯಲ್ಲಿ ಬಾಯಾರಿಕೆ ತಡೆದುಕೊಳ್ಳುವುದನ್ನು ಕಲಿಸಬೇಕಾಗಿತ್ತು. ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮುಂದೆ ಕೂರಬೇಕೋ ಹಿಂದೆ ಕೂರಬೇಕೋ ಎನ್ನುವುದನ್ನು ಜಗತ್ತು ನೆನಪಿಟ್ಟುಕೊಂಡಿದೆ. ಪ್ರಯಾಣದ ಹಿಂದಿನ ದಿನವೇ ತಾಯಂದಿರು ಮಾಡಬೇಕಿದ್ದ ಈ ಕೆಲಸ, ಕೋಳಿ ಕರಿಯುವುದು, ಚಿಲ್ಲರೆ ಎಣಿಸುವುದು, ನೀರು ಅಳೆಯುವುದು, ಮಗುವಿಗೆ ಭಯ ಆಗದಂತೆ ಭಯ ಕಲಿಸುವುದು, ಇದನ್ನು ಯಾರು ಬರೆದಿಟ್ಟಿದ್ದಾರೆ?

ಸಿನ್ಸಿನಾಟಿ ಹತ್ತಿರ ಒಹಾಯೊ ನದಿ, ದಕ್ಷಿಣದ ಕಾನೂನು ಅಲ್ಲಿಗೆ ಮುಗಿಯಿತು. ಅದನ್ನು ದಾಟಿದ ಮೇಲೆ ಜೊತೆಗಿದ್ದ ಹೆಂಗಸು ಅತ್ತೆಯನ್ನು ಎಬ್ಬಿಸಿ ಮುಂದಿನ ಸೀಟಿಗೆ ಕರೆದುಕೊಂಡು ಹೋಗುತ್ತಿದ್ದರು. ಗಾಜಿನಿಂದ ರಸ್ತೆ ಕಾಣುತ್ತದಲ್ಲ, ಅತ್ತೆಗೆ ಅದೇ ಖುಷಿ. ವಾಪಸ್ ಬರುವಾಗ ಅದೇ ನದಿ ಬರುವ ಮೊದಲೇ ತಾವಾಗಿ ಹಿಂದೆ ಹೋಗಿ ಕೂರಬೇಕು. ಯಾರೂ ಹೇಳುವವರೆಗೆ ಕಾಯುವಂತಿರಲಿಲ್ಲ. ಹೇಳಿಸಿಕೊಂಡು ಏಳುವುದಕ್ಕಿಂತ ಮೊದಲೇ ಎದ್ದು ಹೋಗುವುದು ಮೇಲು ಅಂತ ಆ ಹೆಂಗಸು ಹೇಳಿಕೊಟ್ಟಿದ್ದರು.

1955ರ ಬೇಸಿಗೆಯಲ್ಲಿ ಅತ್ತೆಗೆ ಹನ್ನೊಂದು ವರ್ಷ, ಡೆಟ್ರಾಯ್ಟ್‌ನಲ್ಲೇ ಇದ್ದರು. ಅದೇ ಆಗಸ್ಟ್‌ನಲ್ಲಿ ಷಿಕಾಗೋದ ಹುಡುಗ ಎಮ್ಮೆಟ್ ಟಿಲ್, ಹದಿನಾಲ್ಕು ವರ್ಷ, ಬಂಧುಗಳ ಮನೆಗೆ ಅಂತ ರೈಲಿನಲ್ಲಿ ಮಿಸಿಸಿಪ್ಪಿಗೆ ಹೋದ. ಅಂಗಡಿಯಲ್ಲಿ ಬಿಳಿಯ ಹೆಂಗಸಿನ ಜೊತೆ ಸರಿಯಾಗಿ ನಡೆದುಕೊಳ್ಳಲಿಲ್ಲ ಅಂತ ಆಗಸ್ಟ್ 28ರ ರಾತ್ರಿ ಎತ್ತಿಕೊಂಡು ಹೋಗಿ ಕೊಂದರು. ಅವನ ತಾಯಿ ಮಗನ ಶವಪೆಟ್ಟಿಗೆ ತೆರೆದೇ ಇಡಿ, ಎಲ್ಲರೂ ನೋಡಲಿ ಅಂದರು. ಆ ಚಿತ್ರ ಜೆಟ್ ಪತ್ರಿಕೆಯಲ್ಲಿ ಬಂತು. ದೊಡ್ಡವರು ಪತ್ರಿಕೆಯನ್ನು ಮಕ್ಕಳಿಗೆ ಕಾಣದಂತೆ ಎತ್ತಿಟ್ಟರು, ಮಕ್ಕಳು ಹುಡುಕಿ ನೋಡಿದರು. ಎಲ್ಲ ಮನೆಗಳಲ್ಲೂ ಹೀಗೇ ಆಗಿದೆ ಅನ್ನಿಸುತ್ತದೆ. ಮುಂದಿನ ಬೇಸಿಗೆಯಿಂದ ಅತ್ತೆಯನ್ನು ಎಲ್ಲಿಗೂ ಕಳಿಸಲಿಲ್ಲ.

ಈ ಕಥೆಗಳ ಮಧ್ಯೆ ನಾನು ಒಂದು ಸಲ ಅತ್ತೆಗೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರ ವಿಷಯ ಹೇಳಿದೆ. 1940ರ ದಶಕದ ಮೊದಲಲ್ಲಿ ಅವರು ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದರು. ಲೂಸಿಯಾನಾದಲ್ಲಿ ಟಿಕೆಟ್ ನೋಡುವವನು ಬಂದು ಬಿಳಿಯರ ಡಬ್ಬಿಯಿಂದ ಏಳಿ ಅಂದ. ಏಳಲಿಲ್ಲ. ಅವನು ಹೋಗಿ ಮತ್ತೆ ಬಂದ, ಯಾವ ದೇಶದವರು ಅಂತ ಕೇಳತೊಡಗಿದ. ಭಾರತದವಳು ಅಂದಿದ್ದರೆ ಪರದೇಶದ ಅತಿಥಿ ಅಂತ ಬಿಟ್ಟುಬಿಡುತ್ತಿದ್ದ. ಅವರು ಹಾಗೆ ಹೇಳಿ ತಪ್ಪಿಸಿಕೊಳ್ಳಲಿಲ್ಲ. ನಾನೂ ಬಣ್ಣದ ಹೆಂಗಸೇ, ಇಲ್ಲಿಂದ ಏಳುವ ಯೋಚನೆ ನನಗಿಲ್ಲ ಎನ್ನುವ ಅರ್ಥದಲ್ಲಿ ಉತ್ತರ ಕೊಟ್ಟು ಅಲ್ಲೇ ಕೂತರು. ಅತ್ತೆ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿ "ಇನ್ನೊಂದು ಸಲ ಹೇಳು ಮಗಳೇ" ಅಂದರು. ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಚರ್ಚಿನ ಗೆಳತಿಯರಿಗೆ ಹೇಳಿದರಂತೆ. ನನಗೆ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.

ಈಗ ಬಹಿಷ್ಕಾರದ ಮಾತು. ರೋಸಾ ಪಾರ್ಕ್ಸ್ ಗುರುವಾರ ಬಂಧನವಾದರು. ಕೆಲಸ ಮಾಡಿ ಸುಸ್ತಾಗಿದ್ದ ದರ್ಜಿ ಹೆಂಗಸು ಏಳಲಿಲ್ಲ ಅಂತ ಬಹಳ ಜನ ಹೇಳುತ್ತಾರೆ. ದರ್ಜಿ ಹೌದು, ಆದರೆ ಅಷ್ಟೇ ಅಲ್ಲ, ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಎಂಬ ಸಂಘಟನೆಯ ಊರಿನ ಶಾಖೆಯಲ್ಲಿ 1943ರಿಂದಲೂ ಕೆಲಸ ಮಾಡಿಕೊಂಡು ಬಂದವರು. ಅವರಿಗಿಂತ ಮೊದಲು, ಅದೇ ವರ್ಷ ಮಾರ್ಚ್ 2ರಂದು, ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಶಾಲಾ ಹುಡುಗಿ ಏಳಲಿಲ್ಲ ಅಂತ ಪೊಲೀಸರು ಕೈಕೋಳ ಹಾಕಿ ಎಳೆದುಕೊಂಡು ಹೋಗಿದ್ದರು. ಅದಕ್ಕೂ ಮೊದಲು, 1954ರಲ್ಲೇ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಜೋ ಆ್ಯನ್ ರಾಬಿನ್ಸನ್ ತಮ್ಮ ಮಹಿಳಾ ಸಂಘದ ಪರವಾಗಿ ಮೇಯರ್‌ಗೆ ಪತ್ರ ಬರೆದು, ಬಸ್ಸಿನಲ್ಲಿ ಹೆಚ್ಚಿನವರು ನಾವೇ, ನಾವು ಹತ್ತದಿದ್ದರೆ ಬಸ್ಸು ನಡೆಯುವುದಿಲ್ಲ ಅಂತ ಎಚ್ಚರಿಕೆ ಕೊಟ್ಟಿದ್ದರು. ಆ ಸಂಘದವರು ಕೇಳಿದ್ದರಲ್ಲಿ ಇದೂ ಒಂದು: ಬಿಳಿಯರ ಬಡಾವಣೆಯಲ್ಲಿ ಪ್ರತಿ ತಿರುವಿನಲ್ಲೂ ಬಸ್ಸು ನಿಲ್ಲುತ್ತದೆ, ನಮ್ಮ ಕಡೆಯೂ ಹಾಗೇ ನಿಲ್ಲಿಸಿ. ಅಂಥ ಸಣ್ಣ, ನ್ಯಾಯವಾದ ಮಾತು. ಅದಕ್ಕೂ ಆಗಲಿಲ್ಲ.

ರೋಸಾ ಬಂಧನವಾದ ರಾತ್ರಿ ಜೋ ಆ್ಯನ್ ರಾಬಿನ್ಸನ್ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದರು, ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳು. ಶುಕ್ರವಾರ ಅವು ಶಾಲೆಗಳಿಗೆ, ಅಂಗಡಿಗಳಿಗೆ, ಕ್ಷೌರದ ಅಂಗಡಿಗಳಿಗೆ ಹೋದವು. ಅತ್ತೆ ಒಂದನ್ನು ಶಾಲೆಯ ಚೀಲದಲ್ಲಿ ಮನೆಗೆ ತಂದರು. ಸೋಮವಾರ ಬಸ್ಸು ಹತ್ತಬೇಡಿ ಅಂತ ಅದರಲ್ಲಿತ್ತು. ಅಜ್ಜಿ ಓದಿ ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಭಾನುವಾರ ರಾತ್ರಿ ಗಂಡಸರ ಹಳೇ ಬೂಟು ತೆಗೆದು ಕಾಗದ ತುರುಕಿ ಹಾಕಿ ನೋಡುತ್ತಿದ್ದರಂತೆ. ಆಗಲೇ ಮನೆಯವರಿಗೆ ಗೊತ್ತಾಯಿತು.

ಡಿಸೆಂಬರ್ 5, ಸೋಮವಾರ. ಬಸ್ಸುಗಳು ಖಾಲಿ ಓಡಿದವು. ಸಂಜೆ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸಭೆ, ಒಳಗೆ ಜಾಗ ಇಲ್ಲದೆ ಸಾವಿರಾರು ಜನ ಹೊರಗೆ ನಿಂತು ಧ್ವನಿವರ್ಧಕದಲ್ಲಿ ಕೇಳಿದರು. ಅಜ್ಜಿ ಹೊರಗೆ ನಿಂತವರಲ್ಲಿ ಒಬ್ಬರು. ಒಂದು ದಿನ ಅಂತ ಶುರುವಾದದ್ದು 381 ದಿನ ನಡೆಯಿತು. ಮೊದಲಿಗೆ ಅವರು ಕೇಳಿದ್ದು ಬಣ್ಣಭೇದ ಪೂರ್ತಿ ಹೋಗಲಿ ಅಂತ ಕೂಡ ಅಲ್ಲ. ಮರ್ಯಾದೆಯಿಂದ ಮಾತಾಡಿಸಿ, ನಾವು ಹಿಂದಿನಿಂದ ಕೂರುತ್ತಾ ಬರುತ್ತೇವೆ, ಅವರು ಮುಂದಿನಿಂದ ಕೂರುತ್ತಾ ಹೋಗಲಿ, ಕೂತವರನ್ನು ಏಳಿಸಬೇಡಿ, ನಮ್ಮ ಬಡಾವಣೆಯ ಬಸ್ಸಿಗೆ ನಮ್ಮ ಡ್ರೈವರ್‌ಗಳನ್ನು ಹಾಕಿ. ಇಷ್ಟಕ್ಕೂ ಊರಿನವರು ಒಪ್ಪಲಿಲ್ಲ.

ನಡೆದರು, ನಡೆದರು ಅಂತ ಎಲ್ಲರೂ ಹೇಳುತ್ತಾರೆ, ನಡೆದದ್ದು ನಿಜ. ಆದರೆ ವರ್ಷ ಪೂರ್ತಿ ಊರನ್ನು ಬರೀ ಕಾಲ ಮೇಲೆ ನಡೆಸಲು ಆಗುತ್ತದಾ? ಸುಮಾರು 300 ಕಾರುಗಳನ್ನು ಹೊಂದಿಸಿ, ಎಲ್ಲಿ ಹತ್ತಿಸಬೇಕು, ಎಲ್ಲಿ ಇಳಿಸಬೇಕು ಅಂತ ಜಾಗ ಗುರುತು ಮಾಡಿ, ಒಂದು ಸಾರಿಗೆ ವ್ಯವಸ್ಥೆಯನ್ನೇ ಕಟ್ಟಿದರು. ಪೆಟ್ರೋಲಿಗೆ ದುಡ್ಡು ಬೇಕಲ್ಲ. ಕೆಲಸ ಕಳೆದುಕೊಂಡ ಆ ಜಾರ್ಜಿಯಾ ಗಿಲ್ಮೋರ್ ಊರಿನ ಹೆಂಗಸರನ್ನು ಸೇರಿಸಿಕೊಂಡು ಕೇಕು, ಪೈ, ಊಟ ಮಾಡಿ ಮಾರಿ ವಾರವಾರ ದುಡ್ಡು ತಂದು ಕೊಡುತ್ತಿದ್ದರು. ಯಾರು ಮಾಡಿದ್ದು, ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲಿಂದಲೂ ಇಲ್ಲ ಎನ್ನುವ ಹೆಸರನ್ನೇ ಆ ಗುಂಪಿಗೆ ಇಟ್ಟಿದ್ದರು, ಮಾಡಿದವರ ಕೆಲಸ ಹೋಗಬಾರದಲ್ಲ. ಅಜ್ಜಿ ಆ ಗುಂಪಿನಲ್ಲಿದ್ದರೋ ಇಲ್ಲವೋ ಅಂತ ಅತ್ತೆ ಯಾವತ್ತೂ ಖಚಿತವಾಗಿ ಹೇಳುವುದಿಲ್ಲ. ಆ ವರ್ಷ ಮನೆಯಲ್ಲಿ ಸಿಹಿಗೆಣಸಿನ ಪೈ ಬಹಳ ಬೇಯುತ್ತಿತ್ತು, ಆದರೆ ನಮಗೆ ತಿನ್ನಲು ಸಿಗುತ್ತಿರಲಿಲ್ಲ ಅಂತ ಮಾತ್ರ ಹೇಳುತ್ತಾರೆ.

ಅಜ್ಜಿ ಕೆಲಸ ಮಾಡುತ್ತಿದ್ದ ಮನೆಯ ಯಜಮಾನಿ ಕೆಲವು ವಾರ ಕಾದು ನೋಡಿ, ಆಮೇಲೆ ತಾನೇ ಕಾರು ತಂದು ಕರೆದುಕೊಂಡು ಹೋಗತೊಡಗಿದಳು. ಊರಿನ ಎಷ್ಟೋ ಬಿಳಿಯ ಹೆಂಗಸರು ಹೀಗೆ ಮಾಡಿದರು. ಮೇಯರ್ ಅದನ್ನು ನಿಲ್ಲಿಸಿ ಅಂತ ಬಹಿರಂಗವಾಗಿ ಕೇಳಿಕೊಂಡರೂ ನಿಲ್ಲಿಸಲಿಲ್ಲ. ಪ್ರೀತಿಗೋ, ಅಡುಗೆ ಆಗಬೇಕು ಅಂತಲೋ? ಅತ್ತೆ ಎರಡನೆಯದು ಅನ್ನುತ್ತಾರೆ. ಕಾರಿನಲ್ಲೂ ಅಜ್ಜಿ ಕೂರಬೇಕಿದ್ದದ್ದು ಹಿಂದಿನ ಸೀಟಿನಲ್ಲೇ.

ಆ ವರ್ಷ ಭಯವೂ ಅಷ್ಟೇ ಇತ್ತು. ಜನವರಿ 30ರಂದು ಕಿಂಗ್ ಅವರ ಮನೆಗೆ ಬಾಂಬು ಬಿತ್ತು, ಹೆಂಡತಿ, ಪುಟ್ಟ ಮಗು ಒಳಗಿದ್ದರು. ಬಹಿಷ್ಕಾರ ಮಾಡಿದ್ದಕ್ಕೆ 1921ರ ಒಂದು ಹಳೇ ಕಾನೂನು ಹುಡುಕಿ ತೆಗೆದು ಮುಂದಾಳುಗಳನ್ನೆಲ್ಲ ಬಂಧಿಸಿದರು. ಕೊನೆಗೆ ಗೆದ್ದದ್ದು ಕೋರ್ಟಿನಲ್ಲಿ. ಆ ಮೊಕದ್ದಮೆಯಲ್ಲಿ ರೋಸಾ ಪಾರ್ಕ್ಸ್ ಹೆಸರಿಲ್ಲ. ಆರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಜೊತೆಗೆ ಆ ಶಾಲಾ ಹುಡುಗಿ ಕ್ಲಾಡೆಟ್ ಕಾಲ್ವಿನ್, ಈ ನಾಲ್ವರು. 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಬಸ್ಸಿನ ಬಣ್ಣಭೇದ ಸಂವಿಧಾನಕ್ಕೆ ವಿರುದ್ಧ ಎನ್ನುವ ತೀರ್ಪನ್ನು ಎತ್ತಿಹಿಡಿಯಿತು, ಡಿಸೆಂಬರ್ 21ರಿಂದ ಯಾರು ಎಲ್ಲಿ ಬೇಕಾದರೂ ಕೂರಬಹುದಾಯಿತು. ಈ ನಾಲ್ಕು ಹೆಸರು ಪಾಠಪುಸ್ತಕದಲ್ಲಿ ಯಾಕಿಲ್ಲ ಅಂತ ನನಗೆ ಇವತ್ತಿಗೂ ಬೇಸರ.

ಅಜ್ಜಿ ಮೊದಲ ದಿನ ಬಸ್ಸು ಹತ್ತಲಿಲ್ಲ, ಮೊದಲ ವಾರವೂ ಇಲ್ಲ. ಒಳ್ಳೆಯದೇ ಆಯಿತು. ಡಿಸೆಂಬರ್ 28ರ ರಾತ್ರಿ ಬಸ್ಸಿಗೆ ಯಾರೋ ಗುಂಡು ಹಾರಿಸಿ ರೋಸಾ ಜೋರ್ಡನ್ ಎಂಬ ಬಸುರಿ ಹೆಂಗಸಿನ ಎರಡೂ ಕಾಲಿಗೆ ತಗುಲಿತು. ಕೆಲವು ದಿನ ಸಂಜೆ ಐದರ ಮೇಲೆ ಬಸ್ಸೇ ಇರಲಿಲ್ಲ. ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ಅಜ್ಜಿ ಹತ್ತಿದರು, ಜೊತೆಗೆ ಅತ್ತೆ. ಅಜ್ಜಿ ಡಬ್ಬಿಗೆ ಕಾಸು ಹಾಕಿ, ಅಭ್ಯಾಸಬಲದಿಂದ ಇಳಿಯಲು ತಿರುಗಿಬಿಟ್ಟರು. ಅತ್ತೆ ಅವರ ತೋಳು ಹಿಡಿದುಕೊಂಡರು. ಇಬ್ಬರೂ ಒಳಗಿನಿಂದಲೇ ನಡೆದು ಹೋದರು. ಕೂತದ್ದು ನಡುವಿನ ಸೀಟಿನಲ್ಲಿ. ಮುಂದೆ ಕೂರಲಿಲ್ಲ, ಅಲ್ಲಿ ಕೂತ ಬಿಳಿಯರ ಪಕ್ಕ ಕೂರುವ ಆಸೆ ಅಜ್ಜಿಗೆ ಎಂದೂ ಇರಲಿಲ್ಲ. ಹಿಂದೆ ಎಂಜಿನ್ನಿನ ಬಿಸಿ, ಶಬ್ದ, ವಾಸನೆ, ಅದು ಸಾಕಾಗಿತ್ತು. ಅವರಿಗೆ ಬೇಕಿದ್ದದ್ದು ಕಾಸು ಕೊಟ್ಟ ಮೇಲೆ ಯಾರೂ ಏಳಿಸದ ಒಂದು ಸೀಟು.

ದೂರದ ಬಸ್ಸುಗಳು ಮಾತ್ರ ಹಾಗೇ ಇದ್ದವು. ನಿಲ್ದಾಣದಲ್ಲಿ ಎರಡು ಕೋಣೆ, ಎರಡು ನಲ್ಲಿ, ಎರಡು ಬೋರ್ಡು. 1961ರ ಮೇ ತಿಂಗಳಲ್ಲಿ ಕಪ್ಪು, ಬಿಳಿ ಯುವಕ ಯುವತಿಯರು ಒಟ್ಟಿಗೆ ಬಸ್ಸಿನಲ್ಲಿ ದಕ್ಷಿಣಕ್ಕೆ ಹೊರಟರು, ಫ್ರೀಡಂ ರೈಡರ್ಸ್. ಮೇ 14ರಂದು ಅಲಬಾಮಾದ ಆ್ಯನಿಸ್ಟನ್ ಬಳಿ ಅವರ ಬಸ್ಸಿಗೆ ಬೆಂಕಿ ಹಾಕಿದರು. ಮೇ 20ರಂದು ಮಾಂಟ್ಗೊಮರಿಯ ನಿಲ್ದಾಣದಲ್ಲಿ ಗುಂಪು ಮೇಲೆ ಬಿದ್ದು ದೊಣ್ಣೆಯಿಂದ ಹೊಡೆಯಿತು, ಆಮೇಲೆ ಸಂಸದರಾದ ಜಾನ್ ಲೂಯಿಸ್ ಅವತ್ತು ತಲೆ ಒಡೆದು ಬಿದ್ದಿದ್ದರು. ಅತ್ತೆಗೆ ಹದಿನೇಳು. ಅಜ್ಜಿ ಬಾಗಿಲಿಗೆ ಚಿಲಕ ಹಾಕಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರಂತೆ, ಮಗಳು ಓಡಿಹೋಗಿ ಸೇರಿಕೊಳ್ಳಬಾರದು ಅಂತ. ಆ ನಿಲ್ದಾಣ ಈಗ ಮ್ಯೂಸಿಯಂ. ಅತ್ತೆ ಒಳಗೆ ಬರುವುದಿಲ್ಲ, ನಮ್ಮನ್ನು ಕಳಿಸಿ ಕಾರಿನಲ್ಲೇ ಕೂತಿರುತ್ತಾರೆ.

1961ರ ನವೆಂಬರ್ 1ರಿಂದ ನಿಲ್ದಾಣಗಳ ಬೋರ್ಡು ತೆಗೆಯಬೇಕು ಅಂತ ಕೇಂದ್ರದ ಆದೇಶ ಜಾರಿಗೆ ಬಂತು. ಮುಂದಿನ ವರ್ಷ ಅತ್ತೆ ಕಾಲೇಜಿಗೆ ನ್ಯಾಶ್‌ವಿಲ್‌ಗೆ ಹೊರಟರು. ದಾರಿಯಲ್ಲಿ ಒಂದು ಸಣ್ಣ ಊರಿನ ನಿಲ್ದಾಣ. ಬೋರ್ಡು ಇರಲಿಲ್ಲ, ಬೋರ್ಡು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆ ಕಾಣುತ್ತಿತ್ತು. ಬಿಳಿಯರೆಲ್ಲ ತಮ್ಮ ಹಳೇ ಕೋಣೆಯಲ್ಲಿ, ಕಪ್ಪು ಜನರೆಲ್ಲ ತಮ್ಮ ಹಳೇ ಕೋಣೆಯಲ್ಲಿ, ಯಾರೂ ಅದಲು ಬದಲಾಗಿರಲಿಲ್ಲ. ಅತ್ತೆ ಬಿಳಿಯರ ಕೋಣೆಗೆ ಹೋಗಿ ಕೂತರು. ಆಚೆ ಬಾಗಿಲಿಂದ ಒಬ್ಬ ವಯಸ್ಸಾದ ಕಪ್ಪು ಹೆಂಗಸು ಕೈ ಮಾಡಿ ಕರೆದರಂತೆ, ಈ ಕಡೆ ಬಾ, ಈ ಕಡೆ ಬಾ ಅಂತ. ಅತ್ತೆ ಹೋಗಲಿಲ್ಲ. ಬಸ್ಸು ಬರುವವರೆಗೂ ಕೈಕಾಲು ನಡುಗುತ್ತಿದ್ದರೂ ಅಲ್ಲೇ ಕೂತಿದ್ದರು. ಆ ಹೆಂಗಸಿನ ಮೇಲೆ ಅವರಿಗೆ ಸಿಟ್ಟಿಲ್ಲ. ನನ್ನಮ್ಮ ಅಲ್ಲಿದ್ದಿದ್ದರೆ ಅವಳೂ ಕರೆಯುತ್ತಿದ್ದಳು ಅನ್ನುತ್ತಾರೆ.

ಇದನ್ನೆಲ್ಲ ನಾನು ಅತ್ತೆಯ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿದ್ದೇನೆ. ಮಾವನ ಭಾಗ ಬಾಕಿ ಇದೆ. ಅವರು ಕೊರಿಯಾದಿಂದ ಬರೆದ ಕಾಗದಗಳು ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರ ಮಗಳ ಹತ್ತಿರ ಇವೆ. ಜೊತೆಗೆ ಆ ಬಿಳಿಯ ಗೆಳೆಯ ಎಷ್ಟೋ ವರ್ಷಗಳ ಮೇಲೆ ಬರೆದ ಒಂದು ಕಾಗದವೂ ಇದೆಯಂತೆ. ಅದರಲ್ಲಿ ಆ ಬಸ್ಸಿನ ಮಾತಿದೆ ಅಂತ ಅವಳು ಹೇಳಿದಳು, ಓದಿ ಹೇಳಲಿಲ್ಲ. ಮುಂದಿನ ತಿಂಗಳು ಹೋಗುತ್ತಿದ್ದೇವೆ. ಅವಳು ಒಪ್ಪಿದರೆ ಅದನ್ನೂ ಇಲ್ಲಿ ಬರೆಯುತ್ತೇನೆ.